ಫ್ಯಾನ್ ನಾಲ್ಕರಲ್ಲಿ ಮಾತ್ರ ಓಡುತ್ತಿದೆಯಾ? ಬ್ಲೋವರ್ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಾವು ಬೆಳಗಾವಿಯ ತಿಲಕವಾಡಿಯವರು. ನಮ್ಮದು ಎಂಟು ವರ್ಷ ಹಳೆಯ ಸಣ್ಣ ಕಾರು. ಹೀಟರ್ ಹಾಕಲಿ, ಎಸಿ ಹಾಕಲಿ, ಫ್ಯಾನ್ ನಾಬ್ ಒಂದು, ಎರಡು, ಮೂರಕ್ಕೆ ಇಟ್ಟರೆ ಗಾಳಿಯೇ ಬರುವುದಿಲ್ಲ. ನಾಲ್ಕಕ್ಕೆ ಇಟ್ಟರೆ ಮಾತ್ರ ಜೋರಾಗಿ ಬರುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ ಇಡೀ ಬ್ಲೋವರ್, ಅಂದರೆ ಫ್ಯಾನ್ ಮತ್ತು ಅದರ ಮೋಟಾರ್, ಬದಲಿಸಬೇಕು, ಡ್ಯಾಶ್‌ಬೋರ್ಡ್ ಬಿಚ್ಚಬೇಕು ಎಂದರು. ನಮ್ಮ ಪರಿಚಯದವರು ಇದೇ ತೊಂದರೆಗೆ ರೆಸಿಸ್ಟರ್ ಅಂತ ಏನೋ ಹಾಕಿಸಿದ್ದರು, ಕೆಲವೇ ತಿಂಗಳಲ್ಲಿ ಅದೂ ಸುಟ್ಟಿತಂತೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಆಗಾಗ ಹೋಗಬೇಕಾಗುತ್ತದೆ. ಗಾಜಿಗೆ ಮಂಜು ಕಟ್ಟಿದರೆ ರಸ್ತೆಯೇ ಕಾಣುವುದಿಲ್ಲ. ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿಯಲು ನನಗೆ ಬರುತ್ತದೆ. ಮನೆಯಲ್ಲೇ ಸರಿ ಮಾಡಬಹುದೇ?

ಉತ್ತರ: ಮಾಡಬಹುದು. ಬಹುತೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಮುಟ್ಟುವುದೇ ಬೇಡ. ಗ್ಲೋವ್ ಬಾಕ್ಸ್ ಕೆಳಗೆ ಇಳಿಸಿದರೆ ಸಾಕು.

ನಾಲ್ಕರಲ್ಲಿ ಫ್ಯಾನ್ ಜೋರಾಗಿ ಓಡುತ್ತಿದೆ ಎಂದು ಬರೆದಿದ್ದೀರಿ. ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಮೋಟಾರ್ ಸುಟ್ಟಿದ್ದರೆ ನಾಲ್ಕರಲ್ಲೂ ಓಡುತ್ತಿರಲಿಲ್ಲ. ಫ್ಯೂಸ್ ಹೋಗಿದ್ದರೆ ಗಾಳಿ ಪೂರ್ತಿ ನಿಲ್ಲುತ್ತಿತ್ತು. ಎರಡೂ ಆಗಿಲ್ಲ. ಹಾಗಾಗಿ ಇಡೀ ಬ್ಲೋವರ್ ಬದಲಿಸಿ ಎನ್ನುವ ಮಾತಿಗೆ ಸದ್ಯಕ್ಕೆ ಒಪ್ಪಬೇಡಿ. ಹೋಗಿರುವುದು ಬಹುತೇಕ ಬ್ಲೋವರ್ ರೆಸಿಸ್ಟರ್. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸಾಮಾನು. ಸಾಮಾನ್ಯ ಗಾಡಿಗಳಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಆದರೆ ನಿಮ್ಮ ಪರಿಚಯದವರ ಅನುಭವವನ್ನೂ ಮರೆಯಬೇಡಿ. ರೆಸಿಸ್ಟರ್ ಸುಮ್ನೆ ಸುಡುವುದಿಲ್ಲ. ಅದನ್ನು ಸುಟ್ಟ ಕಾರಣ ಗಾಡಿಯಲ್ಲೇ ಉಳಿದರೆ ಹೊಸದೂ ಸುಡುತ್ತದೆ. ಸಾಮಾನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಕಾರಣ ಹುಡುಕುವುದಕ್ಕೇ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ದಯವಿಟ್ಟು ಕೊಡಿ.

ಒಳಗೆ ಏನು ನಡೆಯುತ್ತದೆ

ಹೀಟರ್‌ಗೂ ಎಸಿಗೂ ಫ್ಯಾನ್ ಒಂದೇ. ಅದು 12 ವೋಲ್ಟಿನ ಡಿಸಿ ಮೋಟಾರ್. ನಾಬ್ ನಾಲ್ಕಕ್ಕೆ ಇಟ್ಟಾಗ ಬ್ಯಾಟರಿಯ ವೋಲ್ಟೇಜ್ ನೇರವಾಗಿ ಮೋಟಾರಿಗೆ ಸಿಗುತ್ತದೆ. ನಡುವೆ ರೆಸಿಸ್ಟರ್ ಇರುವುದಿಲ್ಲ. ಮೂರು, ಎರಡು, ಒಂದಕ್ಕೆ ಇಳಿಸಿದಂತೆ ಕರೆಂಟಿನ ದಾರಿಯಲ್ಲಿ ಒಂದೊಂದೇ ಸುರುಳಿ ತಂತಿ ಸೇರಿಕೊಳ್ಳುತ್ತದೆ. ತಡೆ ಹೆಚ್ಚಾದಷ್ಟೂ ಮೋಟಾರಿಗೆ ಸಿಗುವ ವೋಲ್ಟೇಜ್ ಕಡಿಮೆ, ವೇಗವೂ ಕಡಿಮೆ. ಹೀಗಾಗಿ ರೆಸಿಸ್ಟರ್ ಸತ್ತರೂ ನಾಲ್ಕು ಬದುಕಿರುತ್ತದೆ.

ಮೋಟಾರಿಗೆ ಹೋಗದೆ ಉಳಿದ ಶಕ್ತಿ ಆ ಸುರುಳಿಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಒಂದು ಲೆಕ್ಕ ನೋಡಿ. ಒಂದನೇ ವೇಗದಲ್ಲಿ 4 ಆಂಪ್ಸ್ ಹರಿಯುತ್ತಿದೆ, ದಾರಿಯಲ್ಲಿ 2 ಓಮ್ ತಡೆ ಇದೆ ಎಂದುಕೊಳ್ಳಿ. ಆಗ ಹುಟ್ಟುವ ಬಿಸಿ 32 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಸುಮಾರು ಇಷ್ಟೇ ವ್ಯಾಟಿನದು. ಅಂಥ ಒಂದು ಐರನ್ನನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಸದಾ ಉರಿಸಿಟ್ಟಂತೆ ಇದು. ಡಬ್ಬಿ ಯಾಕೆ ಕರಗುವುದಿಲ್ಲ? ಫ್ಯಾನಿನ ಗಾಳಿಯೇ ಅದನ್ನು ತಣ್ಣಗಿಡುತ್ತದೆ. ಅದಕ್ಕೇ ರೆಸಿಸ್ಟರನ್ನು ಗಾಳಿ ಹಾಯುವ ಕೊಳವೆಯ ಒಳಗೇ ಕೂರಿಸುತ್ತಾರೆ.

ಗಾಳಿ ಕಡಿಮೆಯಾದರೆ ರೆಸಿಸ್ಟರ್ ಅತಿಯಾಗಿ ಕಾಯುತ್ತದೆ. ಬೆಂಕಿ ಹತ್ತದಿರಲಿ ಎಂದು ಅದರ ಮೇಲೆ ಒಂದು ಥರ್ಮಲ್ ಫ್ಯೂಸ್ ಇರುತ್ತದೆ. ಹಲವು ಗಾಡಿಗಳಲ್ಲಿ ಅದು 184 ಡಿಗ್ರಿ ಸೆಲ್ಸಿಯಸ್‌ನದು. ಬಿಸಿ ಆ ಮಟ್ಟ ಮುಟ್ಟಿದರೆ ಫ್ಯೂಸ್ ಕಡಿದುಕೊಳ್ಳುತ್ತದೆ. ಆ ಕ್ಷಣಕ್ಕೆ ಒಂದು, ಎರಡು, ಮೂರು ಒಟ್ಟಿಗೇ ನಿಲ್ಲುತ್ತವೆ. ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ ಇರಬೇಕು.

ಈ ಥರ್ಮಲ್ ಫ್ಯೂಸನ್ನು ತಂತಿ ಹಾಕಿ ದಾಟಿಸಿಬಿಡುವವರಿದ್ದಾರೆ. ಹತ್ತು ರೂಪಾಯಿ ಖರ್ಚಿಲ್ಲದೆ ಮೂರೂ ವೇಗ ವಾಪಸ್ ಬರುತ್ತವೆ, ನಿಜ. ಆದರೆ ಮುಂದೆ ಫ್ಯಾನ್ ಬಿಗಿದುಕೊಂಡ ದಿನ ಕಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಸುರುಳಿ ಕೆಂಪಗೆ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಪಕ್ಕದಲ್ಲಿ ಒಣ ಎಲೆ ಇದ್ದರೆ ಹೊತ್ತಿಕೊಳ್ಳುತ್ತದೆ. ಕಾರಿನ ಒಳಗೆ, ನಿಮ್ಮವರ ಕಾಲಿನ ಹತ್ತಿರ. ಇದನ್ನು ಯಾರು ಹೇಳಿದರೂ ಮಾಡಬೇಡಿ. ಹೊಸ ಥರ್ಮಲ್ ಫ್ಯೂಸ್ ತಂದು ಬೆಸುಗೆ ಹಾಕುವುದೂ ಸುಲಭವಲ್ಲ. ಬೆಸುಗೆಯ ಬಿಸಿಗೇ ಅದು ಕಡಿದುಹೋಗುತ್ತದೆ. ಇಡೀ ರೆಸಿಸ್ಟರ್ ಬದಲಿಸುವುದೇ ಸರಿ.

ಗಾಡಿ ವಾರಂಟಿಯಲ್ಲಿದ್ದರೆ ಏನನ್ನೂ ಬಿಚ್ಚದೆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ. ನಾಬ್ ಇಲ್ಲದೆ, ಡಿಗ್ರಿ ತೋರಿಸುವ ಆಟೋಮ್ಯಾಟಿಕ್ ಎಸಿ ಇರುವವರಿಗೂ ಒಂದು ಮಾತು. ನಿಮ್ಮಲ್ಲಿ ಸಾಮಾನ್ಯವಾಗಿ ಈ ಸುರುಳಿಗಳಿರುವುದಿಲ್ಲ. ಅದರ ಜಾಗದಲ್ಲಿ ಪವರ್ ಟ್ರಾನ್ಸಿಸ್ಟರ್ ಇರುವ ಒಂದು ಮಾಡ್ಯೂಲ್ ಇರುತ್ತದೆ. ಅದು ಕೆಟ್ಟರೆ ಫ್ಯಾನ್ ಒಂದೋ ಓಡುವುದೇ ಇಲ್ಲ, ಇಲ್ಲವೇ ಒಂದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಕೂರಿಸುವ ಜಾಗ ಹೆಚ್ಚುಕಡಿಮೆ ಅದೇ. ಆದರೆ ಕೆಳಗೆ ಹೇಳುವ ಓಮ್ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ.

ಬಿಚ್ಚುವ ಮೊದಲು

ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ. ಗಾಜು ಏರಿಸಿ, ಟೇಪ್ ಬಂದ್ ಮಾಡಿ. ನಾಬನ್ನು ಒಂದರಿಂದ ನಾಲ್ಕರವರೆಗೆ ನಿಧಾನವಾಗಿ ತಿರುಗಿಸಿ ಕಿವಿಗೊಟ್ಟು ಕೇಳಿ. ಮೂರೂ ಪೂರ್ತಿ ಸತ್ತಿವೆಯಾ, ಅಥವಾ ಒಂದು ಮಾತ್ರವೇ? ಮೂರೂ ಸತ್ತಿದ್ದರೆ ಥರ್ಮಲ್ ಫ್ಯೂಸ್. ನಡುವಿನ ಒಂದು ವೇಗ ಮಾತ್ರ ಸತ್ತಿದ್ದರೆ ಆ ವೇಗದ ತಂತಿ, ಪಿನ್ ಅಥವಾ ನಾಬಿನ ಹಿಂದಿನ ಸ್ವಿಚ್. ಇದಕ್ಕೆ ಉಲ್ಟಾ, ಒಂದು ಎರಡು ಮೂರು ಓಡಿ ನಾಲ್ಕು ಓಡದಿದ್ದರೆ ರೆಸಿಸ್ಟರಿನ ತಪ್ಪಲ್ಲ. ಸ್ವಿಚ್ ಅಥವಾ ಕೆಲವು ಗಾಡಿಗಳಲ್ಲಿ ನಾಲ್ಕಕ್ಕೆಂದೇ ಇರುವ ರಿಲೇ ನೋಡಬೇಕು. ಫ್ಯಾನ್ ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದರೆ, ಗ್ಲೋವ್ ಬಾಕ್ಸ್ ಕೆಳಗೆ ತಟ್ಟಿದಾಗ ಮತ್ತೆ ಶುರುವಾದರೆ, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರುತ್ತವೆ. ಆಗ ಮಾತ್ರ ಮೋಟಾರ್ ಖರ್ಚಿಗೆ ತಯಾರಾಗಿ.

ಫ್ಯಾನ್ ಎಲ್ಲ ವೇಗದಲ್ಲೂ ಓಡುವ ಸದ್ದು ಬರುತ್ತದೆ, ಗಾಳಿ ಮಾತ್ರ ಇಲ್ಲ ಎಂದರೆ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿದೆ. ಗಾಳಿ ಬರುತ್ತದೆ, ಹೀಟರ್ ಹಾಕಿದರೂ ಬಿಸಿ ಇಲ್ಲ ಎಂದರೆ ಅದು ಕೂಲೆಂಟ್, ಥರ್ಮೋಸ್ಟಾಟ್ ಕಡೆಯ ವಿಷಯ. ಅದಕ್ಕೂ ಫ್ಯಾನಿಗೂ ಸಂಬಂಧವಿಲ್ಲ.

ಬೇಕಾಗುವುದು ಒಂದು ಒಳ್ಳೆ ಸ್ಟಾರ್ ಸ್ಕ್ರೂಡ್ರೈವರ್, ಸಾಮಾನ್ಯವಾಗಿ 8 ಅಥವಾ 10ರ ಪಾನಾ, ಟಾರ್ಚ್, ಮಲ್ಟಿಮೀಟರ್. ಸ್ಕ್ರೂಡ್ರೈವರ್ ಗಿಡ್ಡದಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಜಾಗ ಕಡಿಮೆ. ಕೀ ತೆಗೆದು ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೆಲವು ನಿಮಿಷ ಬಿಡಿ. ಇದನ್ನು ಹೇಳಲು ಕಾರಣವಿದೆ. ಗ್ಲೋವ್ ಬಾಕ್ಸ್ ಮೇಲ್ಗಡೆಯೇ ಪಕ್ಕದ ಸೀಟಿನ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ವೈರ್, ಹಳದಿ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ) ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಎಳೆಯಬೇಡಿ, ಮೀಟರ್ ಹಚ್ಚಬೇಡಿ. ಕೇಬಲ್ ಬಿಚ್ಚಿದರೆ ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗಬಹುದು. ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಮೊದಲು ಫಿಲ್ಟರ್, ಆಮೇಲೆ ರೆಸಿಸ್ಟರ್

ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಅದರ ಎರಡೂ ಪಕ್ಕವನ್ನು ಒಳಕ್ಕೆ ಒತ್ತಿದರೆ ಬಹಳಷ್ಟು ಗಾಡಿಗಳಲ್ಲಿ ಕೆಳಗೆ ಜೋತುಬೀಳುತ್ತದೆ. ಕೆಲವದರಲ್ಲಿ ಸ್ಕ್ರೂ ಇರುತ್ತವೆ. ಒಳಗೆ ಟಾರ್ಚ್ ಬಿಟ್ಟರೆ ಉದ್ದನೆಯ ಒಂದು ಮುಚ್ಚಳ ಕಾಣುತ್ತದೆ. ಅದರ ಹಿಂದೆ ಕ್ಯಾಬಿನ್ ಫಿಲ್ಟರ್. ಕೆಲವು ಸಣ್ಣ ಗಾಡಿಗಳ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ. ಫಿಲ್ಟರ್ ಇದ್ದರೆ ಮೆಲ್ಲಗೆ ಎಳೆಯಿರಿ. ಕಸ ಒಳಕ್ಕೆ ಉದುರಬಾರದು.

ರೆಸಿಸ್ಟರ್ ಸುಟ್ಟ ಕಾರಣ ಎಷ್ಟೋ ಸಲ ಇಲ್ಲೇ ಕೈಗೆ ಸಿಗುತ್ತದೆ. ಫಿಲ್ಟರ್ ಕಟ್ಟಿದರೆ ಗಾಳಿ ಹಾಯುವುದಿಲ್ಲ. ಗಾಳಿ ಹಾಯದಿದ್ದರೆ ರೆಸಿಸ್ಟರ್ ತಣಿಯುವುದಿಲ್ಲ. ನಮ್ಮ ಕಡೆ ಫಿಲ್ಟರ್ ಕಟ್ಟುವ ಬಗೆ ಊರಿಂದೂರಿಗೆ ಬೇರೆ. ವಿಜಯಪುರ, ಬಾಗಲಕೋಟೆಯ ಗಾಡಿಗಳಲ್ಲಿ ಎರೆಮಣ್ಣಿನ ನುಣ್ಣನೆ ಧೂಳು ಮಡಿಕೆ ಮಡಿಕೆಯಲ್ಲೂ ತುಂಬಿರುತ್ತದೆ. ಚಿಕ್ಕೋಡಿ, ಗೋಕಾಕ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳ ಹಿಂದೆ ಹೋಗುವ ಗಾಡಿಗಳಲ್ಲಿ ರವದಿಯ, ಅಂದರೆ ಕಬ್ಬಿನ ಒಣ ಎಲೆಯ, ಚೂರು ಸಿಗುತ್ತದೆ. ತಿಲಕವಾಡಿ, ಕ್ಯಾಂಪ್‌ನಲ್ಲಿ ಮರದ ಕೆಳಗೆ ನಿಲ್ಲುವ ಗಾಡಿಗಳಲ್ಲಿ ಎಲೆ, ಹೂವಿನ ಎಸಳು, ಒದ್ದೆ ಕಸ. ಒದ್ದೆ ಕಸ ಎಲ್ಲಕ್ಕಿಂತ ಕೆಟ್ಟದ್ದು. ಅದು ಗಾಳಿಯನ್ನೂ ತಡೆಯುತ್ತದೆ, ತೇವವನ್ನೂ ಹಿಡಿದಿಡುತ್ತದೆ.

ಕಂಪನಿಗಳ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಫಿಲ್ಟರ್ ಬದಲಿಸಿ ಎಂದು ಬರೆದಿರುತ್ತದೆ. ನಮ್ಮ ಧೂಳಿಗೆ ಅಷ್ಟು ದಿನ ಕಾಯಬೇಡಿ. ಬೇಸಿಗೆ ಮುಗಿದಾಗ ಒಮ್ಮೆ, ಮಳೆಗಾಲ ಮುಗಿದಾಗ ಒಮ್ಮೆ ತೆಗೆದು ನೋಡಿ. ಬೆಳಕಿಗೆ ಹಿಡಿದಾಗ ಬೆಳಕು ಹಾಯದಿದ್ದರೆ ಹೊಸದು ಹಾಕಿ. ತೊಳೆದು ಹಾಕಬೇಡಿ. ಹೊಸದನ್ನು ಕೂರಿಸುವಾಗ ಅದರ ಮೇಲಿನ ಬಾಣ ಗಾಳಿ ಹೋಗುವ ದಿಕ್ಕಿಗಿರಲಿ.

ಇನ್ನೊಂದು ಗಮನಿಸಿದ್ದೀರಾ? ಏಪ್ರಿಲ್, ಮೇನಲ್ಲಿ ಎಲ್ಲರೂ ಫ್ಯಾನ್ ನಾಲ್ಕಕ್ಕೇ ಇಟ್ಟಿರುತ್ತಾರೆ. ಉಳಿದ ವೇಗಗಳು ಯಾವಾಗಲೋ ಸತ್ತಿರುತ್ತವೆ, ಗೊತ್ತೇ ಆಗುವುದಿಲ್ಲ. ಜೂನ್‌ನಲ್ಲಿ ಮಳೆ ಬಿದ್ದು ಗಾಳಿ ಕಡಿಮೆ ಮಾಡಲು ಹೋದಾಗ ತಿಳಿಯುತ್ತದೆ. ಅದಕ್ಕೇ ಬೇಸಿಗೆಯಲ್ಲೂ ಆಗೊಮ್ಮೆ ಈಗೊಮ್ಮೆ ಎಲ್ಲ ವೇಗ ತಿರುಗಿಸಿ ನೋಡಿ.

ಈಗ ರೆಸಿಸ್ಟರ್. ಗ್ಲೋವ್ ಬಾಕ್ಸ್ ಹಿಂದೆ ಅಥವಾ ಅದರ ಕೆಳಗೆ ದುಂಡನೆಯ ಮೋಟಾರ್ ಕಾಣುತ್ತದೆ. ಅದಕ್ಕೆ ಸಾಮಾನ್ಯವಾಗಿ ಎರಡು ದಪ್ಪ ವೈರಿನ ಕಪ್ಲರ್. ಅಲ್ಲೇ ಸುತ್ತಮುತ್ತ, ಗಾಳಿಯ ಕೊಳವೆಗೆ ಎರಡು ಸ್ಕ್ರೂನಿಂದ ಕೂರಿಸಿದ, ನಾಲ್ಕೈದು ವೈರ್ ಇರುವ ಇನ್ನೊಂದು ಕಪ್ಲರ್ ಕಂಡರೆ ಅದೇ ರೆಸಿಸ್ಟರ್. ಲಾಕ್ ಒತ್ತಿ ಕಪ್ಲರಿನ ಮೈ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಸ್ಕ್ರೂ ಬಿಚ್ಚಿದರೆ ರೆಸಿಸ್ಟರ್ ಕೈಗೆ ಬರುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಫ್ಯಾನ್ ಓಡಿಸಿದ್ದರೆ ಅದು ಬಿಸಿ ಇರಬಹುದು, ಹುಷಾರು.

ಮೀಟರ್ ಹಚ್ಚುವ ಮೊದಲು ಕಣ್ಣಿಂದ ನೋಡಿ. ಸುರುಳಿ ಕಡಿದಿದೆಯಾ? ಹಸಿರು, ಬಿಳಿ ಬಣ್ಣದ ಪುಡಿ ಹತ್ತಿದೆಯಾ? ಹತ್ತಿದ್ದರೆ ಎಲ್ಲಿಂದಲೋ ನೀರು ಬಿದ್ದಿದೆ. ಕಪ್ಲರಿನ ಯಾವುದಾದರೂ ಒಂದು ತೂತು ಕಂದು ಬಣ್ಣಕ್ಕೆ ತಿರುಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ? ಪುಡಿ, ಕಪ್ಲರ್ ಎರಡರದೂ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಮೀಟರನ್ನು 200 ಓಮ್ ಮಟ್ಟಕ್ಕಿಡಿ. ಮೊದಲು ಎರಡೂ ಮುಳ್ಳು ಒಂದಕ್ಕೊಂದು ಮುಟ್ಟಿಸಿ. ಅಗ್ಗದ ಮೀಟರುಗಳು ಆಗಲೂ 0.3, 0.4 ಓಮ್ ತೋರಿಸುತ್ತವೆ. ಅದು ಮೀಟರಿನ ವೈರಿನ ತಡೆ. ಮುಂದಿನ ಓದುಗಳಿಂದ ಅದನ್ನು ಕಳೆಯಬೇಕು. ನಾವು ಅಳೆಯುವುದೇ ಒಂದೆರಡು ಓಮ್, ಹಾಗಾಗಿ ಇದು ಸಣ್ಣ ವಿಷಯವಲ್ಲ. ಈಗ ಒಂದು ಮುಳ್ಳನ್ನು ಒಂದು ಪಿನ್ನಿಗೆ ಇಟ್ಟು ಇನ್ನೊಂದನ್ನು ಉಳಿದ ಪಿನ್ನುಗಳಿಗೆ ಮುಟ್ಟಿಸುತ್ತಾ ಹೋಗಿ. ಯಾವ ಪಿನ್ನು ಎಲ್ಲಕ್ಕೂ ಸಾಮಾನ್ಯ ಎಂದು ಗೊತ್ತಿಲ್ಲದಿದ್ದರೆ ಎಲ್ಲ ಜೋಡಿಗಳನ್ನೂ ಅಳೆದು ಕಾಗದದ ಮೇಲೆ ಬರೆಯಿರಿ. ಒಳ್ಳೆಯ ರೆಸಿಸ್ಟರಿನಲ್ಲಿ ಅರ್ಧ ಓಮ್‌ಗಿಂತ ಕಡಿಮೆಯಿಂದ ಹಿಡಿದು ಮೂರ್ನಾಲ್ಕು ಓಮ್ ಒಳಗೆ, ಮೆಟ್ಟಿಲು ಮೆಟ್ಟಿಲಾಗಿ ಓದು ಸಿಗುತ್ತದೆ. ಒಂದು ಪಿನ್ನಿನಿಂದ ಉಳಿದ ಯಾವುದಕ್ಕೂ ದಾರಿಯೇ ಇಲ್ಲದೆ ಮೀಟರ್ ಓಎಲ್ (OL) ಅಥವಾ ಬರೀ 1 ತೋರಿಸಿದರೆ ಥರ್ಮಲ್ ಫ್ಯೂಸ್ ಕಡಿದಿದೆ. ಇದೇ ನಿಮಗೆ ಸಿಗುತ್ತದೆ ಎಂದು ನನ್ನ ಅಂದಾಜು.

ರೆಸಿಸ್ಟರ್ ಹೊರಗಿಟ್ಟುಕೊಂಡು ಕಪ್ಲರ್ ಹಾಕಿ ಫ್ಯಾನ್ ಓಡಿಸಿ ನೋಡುವ ಆಸೆ ಆಗುತ್ತದೆ. ಬೇಡ. ಗಾಳಿಯ ಕೊಳವೆಯಿಂದ ಹೊರಗಿದ್ದರೆ ಅದು ಬೇಗ ಕಾಯುತ್ತದೆ. ಕಾರ್ಪೆಟ್ ಸುಡಬಹುದು, ಹೊಸ ರೆಸಿಸ್ಟರ್ ಕೂಡ ಅಲ್ಲೇ ಹೋಗಬಹುದು.

ರೆಸಿಸ್ಟರ್ ಚೆನ್ನಾಗಿದ್ದರೆ?

ಆಗ ನಾಬಿನ ಹಿಂದಿನ ಸ್ವಿಚ್ ನೋಡಬೇಕು. ಇಲ್ಲಿ ಅನುಭವಿ ಎಲೆಕ್ಟ್ರಿಷಿಯನ್‌ಗಳೂ ಗೊಂದಲ ಮಾಡಿಕೊಳ್ಳುವುದುಂಟು. ಕೆಲವು ಗಾಡಿಗಳಲ್ಲಿ ಸ್ವಿಚ್ ಪ್ಲಸ್ ಕಡೆ ಇರುತ್ತದೆ. ಜಪಾನ್ ಮೂಲದ ಎಷ್ಟೋ ಗಾಡಿಗಳಲ್ಲಿ ಪ್ಲಸ್ ನೇರವಾಗಿ ಮೋಟಾರಿಗೆ ಹೋಗಿ, ರೆಸಿಸ್ಟರ್ ಮತ್ತು ಸ್ವಿಚ್ ಅರ್ಥ್ (ಮೈನಸ್) ಕಡೆ ಇರುತ್ತವೆ. ಎರಡನೇ ಬಗೆಯಲ್ಲಿ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಗಾಡಿಯ ಲೋಹದ ಮೈಗೆ ಕಟ್ಟಿ, ಇನ್ನೊಂದನ್ನು ಸ್ವಿಚ್‌ನಿಂದ ಬರುವ ಪಿನ್ನಿಗೆ ಚುಚ್ಚಿದರೆ ಉರಿಯುವುದೇ ಇಲ್ಲ. ಸ್ವಿಚ್ ಸತ್ತಿದೆ ಎಂದು ತಪ್ಪು ತಿಳಿಯುತ್ತೇವೆ. ಇಲ್ಲಿ ಬ್ಯಾಟರಿ ಬಿಚ್ಚಿಟ್ಟೇ ಪರೀಕ್ಷೆ ಮಾಡಬಹುದು. ರೆಸಿಸ್ಟರಿನ ಕಪ್ಲರ್ ಬಿಚ್ಚಿ, ಮೀಟರನ್ನು ಬೀಪ್ ಪರೀಕ್ಷೆಗೆ ಇಟ್ಟು, ಒಂದು ಮುಳ್ಳು ಗಾಡಿಯ ಲೋಹದ ಮೈಗೆ, ಇನ್ನೊಂದು ಕಪ್ಲರಿನ ಪಿನ್ನಿಗೆ. ನಾಬ್ ತಿರುಗಿಸಿದಂತೆ ಒಂದೊಂದು ಪಿನ್ನಿಗೆ ಒಂದೊಂದು ವೇಗದಲ್ಲಿ ಬೀಪ್ ಬರಬೇಕು. ಯಾವುದಕ್ಕೆ ಬರುವುದಿಲ್ಲವೋ ಆ ಸಂಪರ್ಕ ಸತ್ತಿದೆ. ಮೊದಲನೇ ಬಗೆಯಾದರೆ ಬ್ಯಾಟರಿ ಕಟ್ಟಿ, ಕೀ ಆನ್ ಮಾಡಿ, ಪ್ರತಿ ವೇಗಕ್ಕೂ ಅದರ ಪಿನ್ನಿನಲ್ಲಿ 12 ವೋಲ್ಟ್ ಬರುತ್ತದೆಯೇ ನೋಡಬೇಕು.

ಸುಟ್ಟ ಕಾರಣ ಹುಡುಕಿ

ಫಿಲ್ಟರ್ ವಿಷಯ ಹೇಳಿದೆ. ಫಿಲ್ಟರ್ ಸ್ವಚ್ಛವಾಗಿಯೇ ಇದ್ದು ರೆಸಿಸ್ಟರ್ ಸುಟ್ಟಿದ್ದರೆ ಮೋಟಾರಿನ ಮೇಲೆ ಅನುಮಾನ ಪಡಿ. ಮೋಟಾರ್ ಬಿಗಿಯಾದರೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ರೆಸಿಸ್ಟರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಫ್ಯಾನ್ ನಿಧಾನವಾಗಿ ತಿರುಗುವುದರಿಂದ ತಣಿಸುವ ಗಾಳಿಯೂ ಕಡಿಮೆ. ಎರಡು ಕಡೆಯಿಂದ ಪೆಟ್ಟು. ನಿಮ್ಮ ಪರಿಚಯದವರ ಹೊಸ ರೆಸಿಸ್ಟರ್ ಹೀಗೇ ಹೋಗಿರಬಹುದು.

ಮೋಟಾರ್ ಸಾಮಾನ್ಯವಾಗಿ ಮೂರು ಸ್ಕ್ರೂಗಳಿಂದ ಕೂತಿರುತ್ತದೆ. ಬಿಚ್ಚಿದರೆ ಫ್ಯಾನ್ ಸಮೇತ ಕೆಳಗೆ ಬರುತ್ತದೆ. ಫ್ಯಾನನ್ನು ಬೆರಳಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಕೈ ಬಿಟ್ಟ ಕೂಡಲೇ ಗಕ್ಕನೆ ನಿಂತರೆ, ಕರಕರ ಸದ್ದು ಬಂದರೆ ಮೋಟಾರಿನ ಅಚ್ಚು ಕೂರುವ ಬುಷ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಫ್ಯಾನಿನ ಎಲೆಗಳ ನಡುವೆ ಕಸ ಇದ್ದರೆ ಹಳೆಯ ಬ್ರಷ್‌ನಿಂದ ತೆಗೆಯಿರಿ. ಎಲೆಗಳ ಮೇಲೆ ಒಂದು ಸಣ್ಣ ಲೋಹದ ಕ್ಲಿಪ್ ಇದ್ದರೆ ಕೀಳಬೇಡಿ. ಅದು ತೂಕ ಸಮ ಮಾಡಲು ಹಾಕಿದ್ದು. ಇಲಿ ಗೂಡು ಕಟ್ಟಿದ್ದರೆ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿಕೊಂಡು ಪೂರ್ತಿ ತೆಗೆಯಿರಿ. ವೈರ್ ಕಡಿದಿದೆಯೇ ಎಂದೂ ನೋಡಿ. ಒಂದೆರಡು ಹನಿ ಎಣ್ಣೆ ಬಿಟ್ಟು ಮೋಟಾರನ್ನು ಸ್ವಲ್ಪ ದಿನ ಓಡಿಸಬಹುದು. ಆದರೆ ತುಕ್ಕು ಹಿಡಿದ ಮೋಟಾರಿಗೆ ಅದು ಔಷಧಿಯಲ್ಲ. ಆಗ ಮೋಟಾರ್ ಬದಲಿಸುವುದೇ ಒಳ್ಳೆಯದು.

ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಅಳೆದರೆ ಅನುಮಾನವೇ ಉಳಿಯುವುದಿಲ್ಲ. ಸಣ್ಣ ಕಾರುಗಳಲ್ಲಿ ನಾಲ್ಕನೇ ವೇಗಕ್ಕೆ ಸುಮಾರು 10ರಿಂದ 20 ಆಂಪ್ಸ್ ಸಾಮಾನ್ಯ. ಇದನ್ನು ನಿಮ್ಮ ಮಲ್ಟಿಮೀಟರಿನಿಂದ ಅಳೆಯಲು ಹೋಗಬೇಡಿ. ಹೆಚ್ಚಿನವು 10 ಆಂಪ್ಸ್‌ಗೇ ಮುಗಿಯುತ್ತವೆ, ಮೀಟರಿನ ಫ್ಯೂಸ್ ಹೋಗುತ್ತದೆ. ವೈರಿನ ಸುತ್ತ ಹಿಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಅದೂ ಡಿಸಿ ಅಳೆಯುವಂಥದ್ದು. ಮನೆ ವೈರಿಂಗ್ ಮಾಡುವವರ ಹತ್ತಿರ ಇರುವ ಹಲವು ಕ್ಲ್ಯಾಂಪ್ ಮೀಟರುಗಳು ಮನೆಯ ಕರೆಂಟನ್ನು ಮಾತ್ರ ಅಳೆಯುತ್ತವೆ. ಕಾರಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಆಟೋ ನಗರದ ಕಡೆ ಯಾರಾದರೂ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಇದು ಐದು ನಿಮಿಷದ ಕೆಲಸ. ಕೊಟ್ಟ ಹಣಕ್ಕೆ ಮೋಸವಿಲ್ಲ.

ಬೆಳಗಾವಿಯಲ್ಲಿ ನಾನು ಬಹಳ ಒತ್ತಿ ಹೇಳಬೇಕಾದದ್ದು ನೀರಿನ ವಿಷಯ. ಮುಂದಿನ ಗಾಜಿನ ಕೆಳಗೆ, ವೈಪರ್ ಕೂರುವ ಜಾಗದಲ್ಲಿ ಜಾಳಿಗೆಯ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಹೊರಗಿನ ಗಾಳಿ ಒಳಗೆ ಬರುವ ಬಾಗಿಲೇ ಅದು. ಮಳೆ ನೀರು ಅಲ್ಲಿಂದ ಎರಡು ಬದಿಯ ತೂತುಗಳ ಮೂಲಕ ಕೆಳಗೆ ಹರಿದುಹೋಗಬೇಕು. ಎಲೆ ತುಂಬಿ ತೂತು ಕಟ್ಟಿದರೆ ನೀರು ಅಲ್ಲೇ ನಿಂತು, ಏರಿ, ಬ್ಲೋವರ್ ಮೇಲೆ ಸುರಿಯುತ್ತದೆ. ಮೋಟಾರಿಗೆ ತುಕ್ಕು, ರೆಸಿಸ್ಟರಿಗೆ ಹಸಿರು ಪುಡಿ ಬರುವುದು ಹೀಗೆ. ನಮ್ಮ ಜುಲೈ ತಿಂಗಳ ಮಳೆಗೆ ಈ ತೂತುಗಳು ತೆರೆದಿರಲೇಬೇಕು. ಬಾನೆಟ್ ಎತ್ತಿ ಕೈಯಿಂದ ಕಸ ತೆಗೆಯಿರಿ. ಒಂದು ತಂಬಿಗೆ ನೀರನ್ನು ನಿಧಾನವಾಗಿ ಸುರಿಯಿರಿ. ಎರಡೂ ಚಕ್ರದ ಹಿಂದೆ ನೀರು ಇಳಿಯುವುದು ಕಾಣಬೇಕು. ಪಕ್ಕದ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಿದ್ದರೆ ಎಸಿಯ ನೀರು ಹೊರಬೀಳುವ ಪೈಪ್ ಕಟ್ಟಿದೆಯೇ ಎಂದೂ ನೋಡಿಸಿ.

ಇನ್ನು ಕಪ್ಲರ್. ಪಿನ್ ಸಡಿಲವಾದರೆ ಅಲ್ಲೇ ಬಿಸಿ ಹುಟ್ಟುತ್ತದೆ. ಸುಟ್ಟ ಕಪ್ಲರಿಗೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಹೊಸ ಪಿನ್ನೂ ಸುಡುತ್ತದೆ. ವೈರ್ ಸಮೇತ ಹೊಸ ಕಪ್ಲರ್ ಸಿಗುತ್ತದೆ. ಅದನ್ನೇ ತನ್ನಿ. ಹಳೆಯ ವೈರಿನಷ್ಟೇ ದಪ್ಪದ ವೈರ್ ಇರಲಿ. ಒಂದೊಂದೇ ವೈರ್ ಕತ್ತರಿಸಿ ಜೋಡಿಸಿ, ಆಗ ಅದಲುಬದಲಾಗುವುದಿಲ್ಲ. ಜೋಡಣೆಗೆ ಸರಿಯಾದ ಕ್ರಿಂಪ್ ಮತ್ತು ಹೀಟ್ ಶ್ರಿಂಕ್ ಟ್ಯೂಬ್ ಬಳಸಿ. ವೈರ್ ತಿರುಚಿ ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ. ಇದು ನಿಮ್ಮ ಕೈಗೆ ಹೊಸದು ಅನ್ನಿಸಿದರೆ ಈ ಭಾಗವನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ತರುವುದು, ಕೂರಿಸುವುದು

ಅಂಗಡಿಗೆ ಹೋಗುವಾಗ ಹಳೆಯ ರೆಸಿಸ್ಟರ್ ಕೈಯಲ್ಲಿರಲಿ. ಒಂದೇ ಹೆಸರಿನ ಕಾರಿಗೂ ವರ್ಷ ಬದಲಾದಂತೆ ಪಿನ್ನಿನ ಸಂಖ್ಯೆ, ಕಪ್ಲರಿನ ಆಕಾರ ಬದಲಾಗಿರುತ್ತದೆ. ಮೇಲಿನ ಪಾರ್ಟ್ ನಂಬರ್ ಹೊಂದಿಸಿ ನೋಡಿ. ಕಪ್ಲರ್ ಹೊಂದಿದರೆ ಸಾಕು ಎಂದುಕೊಳ್ಳಬೇಡಿ, ಓಮ್ ಬೇರೆಯಿದ್ದರೆ ವೇಗ ಬೇರೆಯಾಗುತ್ತದೆ. ಹೊಸದನ್ನು ಅಂಗಡಿಯಲ್ಲೇ ಮೀಟರ್ ಹಚ್ಚಿ ಅಳೆಯಬಹುದು. ಥರ್ಮಲ್ ಫ್ಯೂಸ್ ಇಲ್ಲದ ಅಗ್ಗದ ಮಾಲು ಕೊಟ್ಟರೆ ವಾಪಸ್ ಕೊಡಿ.

ಕೂರಿಸುವಾಗ ಸುರುಳಿಗಳು ಕೊಳವೆಯ ಒಳಗೆ ಪೂರ್ತಿ ಹೋಗಬೇಕು. ಅಂಚಿನ ಗ್ಯಾಸ್ಕೆಟ್ ಇದ್ದರೆ ಅದನ್ನೂ ಹಾಕಿ. ಸ್ಕ್ರೂ ಬಿಗಿಯುವಾಗ ಜಾಸ್ತಿ ಬಲ ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಕಪ್ಲರ್ ಟಕ್ ಎಂದು ಲಾಕ್ ಆಗಬೇಕು. ಬ್ಯಾಟರಿ ಕಟ್ಟಿ ನಾಲ್ಕೂ ವೇಗ ನೋಡಿ. ಆಮೇಲೆ ಮೂರಕ್ಕೆ ಇಟ್ಟು ಹದಿನೈದು ನಿಮಿಷ ಓಡಿಸಿ. ಬ್ಯಾಟರಿ ಇಳಿಯದಿರಲು ಎಂಜಿನ್ ಶುರು ಇರಲಿ, ಗಾಡಿ ಬಯಲಲ್ಲಿರಲಿ. ಈಗ ಕಪ್ಲರನ್ನು ಹೊರಗಿನಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಪಿನ್ ಸಡಿಲ ಇದೆ ಅಥವಾ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ. ಹಾಗೇ ಬಿಟ್ಟು ಗ್ಲೋವ್ ಬಾಕ್ಸ್ ಮುಚ್ಚಬೇಡಿ. ಫ್ಯೂಸ್ ಪೆಟ್ಟಿಗೆಯಲ್ಲೂ ಒಮ್ಮೆ ನೋಡಿ. ಬ್ಲೋವರ್‌ಗೆ 25 ಅಥವಾ 30 ಆಂಪ್ಸ್ ಫ್ಯೂಸ್ ಸಾಮಾನ್ಯ. ನಿಮ್ಮ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಯಾರಾದರೂ ದೊಡ್ಡದು ಹಾಕಿದ್ದರೆ ಕೂಡಲೇ ತೆಗೆದು ಸರಿಯಾದದ್ದು ಹಾಕಿ.

ಚೋರ್ಲಾ ದಾರಿಗೆ

ರೆಸಿಸ್ಟರ್ ಸಿಗುವವರೆಗೆ ನಾಲ್ಕನೇ ವೇಗದಲ್ಲೇ ಗಾಡಿ ಓಡಿಸಬಹುದು. ಆದರೆ ಕಪ್ಲರ್ ಬಿಚ್ಚಿ ನೋಡದೆ ಹೊರಡಬೇಡಿ. ಕೆಲವು ಗಾಡಿಗಳಲ್ಲಿ ನಾಲ್ಕರ ಕರೆಂಟ್ ಕೂಡ ಅದೇ ಕಪ್ಲರ್ ಮೂಲಕ ಹಾಯುತ್ತದೆ. ಅದು ಕರಗಿದ್ದರೆ, ಸುಟ್ಟ ವಾಸನೆ ಇದ್ದರೆ, ಸರಿ ಮಾಡುವವರೆಗೆ ಫ್ಯಾನ್ ಬಳಸಬೇಡಿ. ಫ್ಯಾನಿಲ್ಲದೆ ಜಾಂಬೋಟಿ, ಕಣಕುಂಬಿ ಕಡೆಯ ಮಳೆಯಲ್ಲಿ ಘಾಟ್ ಇಳಿಯಲೂಬೇಡಿ. ಗಾಜು ಒಂದು ನಿಮಿಷದಲ್ಲಿ ಮಬ್ಬಾಗುತ್ತದೆ.

ಒಳಗಿನಿಂದ ಮಂಜು ಕಟ್ಟಿದಾಗ ಗಾಳಿಯನ್ನು ಮುಂದಿನ ಗಾಜಿನ ಗುರುತಿಗೆ ತಿರುಗಿಸಿ. ಎಸಿ ಆನ್ ಮಾಡಿ, ಜೊತೆಗೆ ಬಿಸಿಯ ನಾಬ್ ಕೂಡ ಅರ್ಧಕ್ಕೆ ತಿರುಗಿಸಿ. ಎಸಿಯೂ ಹೀಟರೂ ಒಟ್ಟಿಗೆ ಯಾಕೆ ಎಂದು ಕೇಳುವವರು ಬಹಳ. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಒಣ ಬೆಚ್ಚನೆ ಗಾಳಿ ಗಾಜಿನ ಮಂಜನ್ನು ಬೇಗ ಎತ್ತುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಇರಲಿ, ಹೊರಗಿನ ಗಾಳಿ ಬರಲಿ. ಇಲ್ಲದಿದ್ದರೆ ಕುಳಿತವರ ಉಸಿರಿನ, ಒದ್ದೆ ಬಟ್ಟೆಯ ತೇವ ಅಲ್ಲೇ ಸುತ್ತುತ್ತದೆ. ವೈಪರ್ ಹಾಕಿದಾಗ ಮಂಜು ಹೋದರೆ ಅದು ಗಾಜಿನ ಹೊರಗೆ ಕಟ್ಟಿದ್ದು. ಎಸಿ ಗಾಜನ್ನು ಜಾಸ್ತಿ ತಣ್ಣಗೆ ಮಾಡಿದೆ ಎಂದರ್ಥ. ಆಗ ವೈಪರ್ ಓಡಿಸಿ, ತಣ್ಣನೆ ಗಾಳಿ ಗಾಜಿಗೆ ಹೊಡೆಯದಂತೆ ಬಿಸಿಯ ನಾಬ್ ಇನ್ನಷ್ಟು ಹೆಚ್ಚಿಸಿ. ಗಾಜಿನ ಒಳಮೈಯ ಜಿಡ್ಡನ್ನು ಹೊರಡುವ ಮೊದಲೇ ಒಣ ಬಟ್ಟೆಯಿಂದ ಒರೆಸಿಡಿ. ಜಿಡ್ಡಿದ್ದರೆ ಎದುರಿನ ಲಾರಿಯ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ತಿರುವು ಕಾಣುವುದಿಲ್ಲ.